ಮಾಟುಂಗಾದ ಗುಳ್ಳೆ ಲೆಕ್ಕ

ಮುಂಬಯಿ ವಿಶ್ವವಿದ್ಯಾಲಯ 1933ರ ಅಕ್ಟೋಬರ್ 1ರಂದು ಹೊಸದೊಂದು ವಿಭಾಗ ತೆರೆಯಿತು. ಹೆಸರು ಡಿಪಾರ್ಟ್‌ಮೆಂಟ್ ಆಫ್ ಕೆಮಿಕಲ್ ಟೆಕ್ನಾಲಜಿ. ಅದಕ್ಕೆ ಆಗ ಸ್ವಂತ ಕಟ್ಟಡವಿರಲಿಲ್ಲ. ಇದ್ದದ್ದು ಎರಡು ಪಾಠಕ್ರಮ, ಬೆರಳೆಣಿಕೆಯ ಅಧ್ಯಾಪಕರು, ವಿಜ್ಞಾನದ ಪದವಿ ಮುಗಿಸಿ ಬಂದ ಒಂದಿಷ್ಟು ಹುಡುಗರು. ಪಾಠಕ್ರಮಗಳಲ್ಲಿ ಒಂದು ಜವಳಿ ರಸಾಯನಶಾಸ್ತ್ರ, ಇನ್ನೊಂದು ಕೆಮಿಕಲ್ ಎಂಜಿನಿಯರಿಂಗ್. ಜವಳಿ ಯಾಕೆ ಎಂದು ಆ ಕಾಲದ ಮುಂಬಯಿಯಲ್ಲಿ ಯಾರೂ ಕೇಳುವಂತಿರಲಿಲ್ಲ. ಪರೇಲ್, ಲಾಲ್‌ಬಾಗ್ ಕಡೆ ತಲೆಯೆತ್ತಿದರೆ ಹತ್ತಿ ಗಿರಣಿಗಳ ಚಿಮಣಿಗಳೇ ಕಾಣುತ್ತಿದ್ದವು. ಕೆಮಿಕಲ್ ಎಂಜಿನಿಯರಿಂಗ್ ಯಾಕೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹೇಳಬೇಕಾಗಿತ್ತು. ಹಾಗೆಂದರೆ ಏನು ಎಂದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಈಗಲೂ ಪೂರ್ತಿ ಗೊತ್ತಿದೆ ಎನ್ನುವಂತಿಲ್ಲ. ಮಗ ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದರೆ ಔಷಧಿ ಅಂಗಡಿ ಇಡುತ್ತಾನೇನೋ ಅಂದುಕೊಳ್ಳುವ ನೆಂಟರು ಎಲ್ಲ ಊರಲ್ಲೂ ಇದ್ದಾರೆ.

ಗಿರಣಿಗಳ ಕಷ್ಟದಿಂದಲೇ ಕತೆ ಶುರು ಮಾಡುವುದು ಸರಿ. ಮುಂಬಯಿಯ ಮೊದಲ ಹತ್ತಿ ಗಿರಣಿ ಹುಟ್ಟಿದ್ದು 1854ರಲ್ಲಿ. ಅದಾದ ಎರಡು ವರ್ಷಕ್ಕೆ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ಮಾಡಲು ಹೋಗಿ ಆಕಸ್ಮಿಕವಾಗಿ ನೇರಳೆ ಬಣ್ಣವೊಂದನ್ನು ಪಡೆದ. ಬಣ್ಣದ ವ್ಯವಹಾರವನ್ನು ಮಾತ್ರ ಬೇಗನೆ ಜರ್ಮನ್ನರು ಕೈಗೆ ತೆಗೆದುಕೊಂಡರು. ಇಲ್ಲಿ ನೂಲು, ಇಲ್ಲಿ ಬಟ್ಟೆ, ಇಲ್ಲಿ ಕೂಲಿ. ಬಣ್ಣದ ಡಬ್ಬಿ ಮಾತ್ರ ಹಡಗಿನಲ್ಲಿ ಬರಬೇಕು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಸರಕು ನಿಂತಾಗ ಗಿರಣಿಗಳಿಗೆ ಈ ಪರಾವಲಂಬನೆಯ ಬಿಸಿ ತಟ್ಟಿತು. ಮಗ್ಗ ತಿರುಗಿಸುವ ಕೈಗಳು ಬೇಕಾದಷ್ಟಿದ್ದವು. ಬಣ್ಣ ಯಾಕೆ ಹಿಡಿಯಿತು, ಯಾಕೆ ಬಿಟ್ಟಿತು ಎಂದು ಹೇಳಬಲ್ಲ ತಲೆಗಳು ಕಡಿಮೆ.

ಇಂಥ ಶಿಕ್ಷಣ ಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲಿ ಬಲವಾಗಿ ಎದ್ದದ್ದು 1921–22ರಲ್ಲಿ. ಮುಂಬಯಿ ಪ್ರಾಂತ್ಯದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಆಗ ಅಧ್ಯಕ್ಷರಾಗಿದ್ದವರು ಮೈಸೂರಿನ ದಿವಾನಗಿರಿ ಬಿಟ್ಟು ಬಂದಿದ್ದ ಎಂ. ವಿಶ್ವೇಶ್ವರಯ್ಯ. ಗಂಧದೆಣ್ಣೆ, ಸಾಬೂನು, ಕಬ್ಬಿಣ ಎಂದು ಮೈಸೂರಿನಲ್ಲಿ ಕಾರ್ಖಾನೆಗಳ ಬೆನ್ನು ಹತ್ತಿದ್ದವರಿಗೆ ಕಾರ್ಖಾನೆ ಕಟ್ಟುವುದಕ್ಕಿಂತ ಅದನ್ನು ನಡೆಸುವವರನ್ನು ತಯಾರು ಮಾಡುವುದು ಕಷ್ಟ ಎಂಬುದು ಅನುಭವದಿಂದ ಗೊತ್ತಿತ್ತು. ಆದರೆ ಸಮಿತಿಗೂ ಕಟ್ಟಡಕ್ಕೂ ನಡುವೆ ನಮ್ಮಲ್ಲಿ ಒಂದು ದಶಕ ಕಳೆಯುವುದು ವಾಡಿಕೆ. ಇಲ್ಲೂ ಕಳೆಯಿತು.

ವಿಭಾಗ ಶುರುವಾದಾಗ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲಿದ್ದವರು ಸರ್ ವಿಠ್ಠಲ ನಾರಾಯಣ ಚಂದಾವರ್ಕರ್. ಮನೆತನದ ಬೇರು ಉತ್ತರ ಕನ್ನಡದ ಚಂದಾವರದಲ್ಲಿ. ತಂದೆ ನಾರಾಯಣ ಗಣೇಶ ಚಂದಾವರ್ಕರ್ ಹುಟ್ಟಿದ್ದು ಹೊನ್ನಾವರದಲ್ಲಿ; 1900ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಹೈಕೋರ್ಟಿನ ನ್ಯಾಯಾಧೀಶರು. ಮಗ ಗಿರಣಿ ವ್ಯವಹಾರಕ್ಕೆ ಇಳಿದವರು. ಗಿರಣಿಯ ಲೆಕ್ಕಪುಸ್ತಕ ನೋಡಿದ ಕಣ್ಣಿನಿಂದಲೇ ಅವರು ವಿಶ್ವವಿದ್ಯಾಲಯವನ್ನೂ ನೋಡಿದರು. ಪದವೀಧರರನ್ನು ಕೊಡುತ್ತೀರಿ ಸರಿ, ನನ್ನ ಬಣ್ಣದ ತೊಟ್ಟಿಯ ಪಕ್ಕ ನಿಲ್ಲುವವರು ಎಲ್ಲಿ ಎಂದು ಕೇಳುವವರೇ ಕುಲಪತಿಯ ಕುರ್ಚಿಯಲ್ಲಿ ಕೂತಿದ್ದು ಈ ವಿಭಾಗದ ಅದೃಷ್ಟ. ಮುಂದೆ ತೊಂಬತ್ತು ವರ್ಷ ಈ ಸಂಸ್ಥೆಯ ಜಾಯಮಾನವನ್ನು ರೂಪಿಸಿದ್ದು ಆ ಪ್ರಶ್ನೆಯೇ.

ಮೊದಲ ಮುಖ್ಯಸ್ಥರು ರಾಬರ್ಟ್ ಫಾರ್ಸ್ಟರ್ ಎಂಬ ಬ್ರಿಟಿಷ್ ರಸಾಯನಜ್ಞ. ಐದು ವರ್ಷ ಇದ್ದು ಹೋದರು. 1938ರಲ್ಲಿ ಆ ಜಾಗಕ್ಕೆ ಬಂದವರು ಕೃಷ್ಣಸ್ವಾಮಿ ವೆಂಕಟರಾಮನ್. ಹುಟ್ಟಿದ್ದು ಮದ್ರಾಸಿನಲ್ಲಿ, 1901ರಲ್ಲಿ. ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ರಾಬಿನ್ಸನ್ ಕೈಕೆಳಗೆ ಕಲಿತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಇದ್ದು, ಲಾಹೋರಿನ ಫೋರ್‌ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿ ಮುಂಬಯಿಗೆ ಬಂದವರು. ಲಾಹೋರಿನಲ್ಲಿ ಅವರು ಮಾಡಿದ ಕೆಲಸ, ವಿಲ್ಸನ್ ಬೇಕರ್ ಹೆಸರಿನ ಜೊತೆ ಸೇರಿ, ಬೇಕರ್–ವೆಂಕಟರಾಮನ್ ಮರುಜೋಡಣೆ ಎಂದು ಸಾವಯವ ರಸಾಯನ ಪಠ್ಯಗಳಲ್ಲಿ ಇದೆ. ಹೂವಿನ ಹಳದಿಗೆ ಕಾರಣವಾದ ಫ್ಲೇವೋನುಗಳನ್ನು ಪ್ರಯೋಗಾಲಯದಲ್ಲಿ ಕಟ್ಟುವ ದಾರಿ ಅದು. ಭಾರತೀಯನೊಬ್ಬನ ಹೆಸರು ಹೊತ್ತ ರಸಾಯನ ಕ್ರಿಯೆಗಳು ಎಷ್ಟಿವೆ ಎಂದು ಎಣಿಸಲು ಕೂತರೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ವೆಂಕಟರಾಮನ್ ಹತ್ತೊಂಬತ್ತು ವರ್ಷ ವಿಭಾಗ ನಡೆಸಿದರು. ಯುದ್ಧದ ನಡುವೆ, 1943ರ ಜೂನ್‌ನಲ್ಲಿ, ಸಂಸ್ಥೆ ಮುಂಬಯಿಯ ಮಾಟುಂಗಾ ಬಡಾವಣೆಯ ಹದಿನಾರು ಎಕರೆಯ ಆವರಣಕ್ಕೆ ಬಂತು. ಬಣ್ಣದ ಜೊತೆಗೆ ಎಣ್ಣೆ, ಔಷಧಿ, ಆಹಾರ, ಪ್ಲಾಸ್ಟಿಕ್, ಪೇಂಟು ಎಂದು ಒಂದೊಂದೇ ಶಾಖೆ ಸೇರಿದವು. ಕೈಗಾರಿಕೋದ್ಯಮಿಗಳ ದೇಣಿಗೆಯ ಬಲವೂ ಬೆನ್ನಿಗಿತ್ತು. 1952ರಲ್ಲಿ ಅವರ ‘ದಿ ಕೆಮಿಸ್ಟ್ರಿ ಆಫ್ ಸಿಂಥೆಟಿಕ್ ಡೈಸ್’ ಗ್ರಂಥದ ಮೊದಲ ಎರಡು ಸಂಪುಟ ಬಂದವು. ಮುಂದೆ ಅದು ಎಂಟು ಸಂಪುಟಗಳಿಗೆ ಬೆಳೆಯಿತು. ಅದೇ 1952ರಲ್ಲಿ ಗುಜರಾತಿನ ಅತುಲ್‌ನಲ್ಲಿ ಕಸ್ತೂರಭಾಯಿ ಲಾಲಭಾಯಿ ಕಟ್ಟಿಸಿದ ಬಣ್ಣದ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಜರ್ಮನಿಯಿಂದ ಬಣ್ಣ ತರಿಸಿಕೊಳ್ಳುತ್ತಿದ್ದ ದೇಶದ ಪ್ರಾಧ್ಯಾಪಕನೊಬ್ಬ ಬಣ್ಣದ ರಸಾಯನಶಾಸ್ತ್ರಕ್ಕೇ ಆಧಾರಗ್ರಂಥ ಬರೆದ ಎಂಬುದು ಮಾಟುಂಗಾದವರು ಕೊಂಚ ಹೆಚ್ಚೇ ಹೇಳಿಕೊಳ್ಳಬಹುದಾದ ವಿಷಯ. 1957ರಲ್ಲಿ ವೆಂಕಟರಾಮನ್ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿ ಹೋದರು. ಆ ಹುದ್ದೆಗೆ ಅವರೇ ಮೊದಲ ಭಾರತೀಯ. ಅವರ ನೆನಪಿಗೆ ಇಲ್ಲಿ ಕೆ.ವಿ. ಸಭಾಂಗಣವಿದೆ.

ಮಾಟುಂಗಾ ಎಂದ ಮೇಲೆ ಒಂದು ಅಡ್ಡಮಾತು ಬೇಡವೆಂದರೂ ಬರುತ್ತದೆ. ವಿಭಾಗ ಇಲ್ಲಿಗೆ ಬರುವ ಹಿಂದಿನ ವರ್ಷವಷ್ಟೇ, 1942ರಲ್ಲಿ, ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಿದ್ದರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ನೆಲೆಯೂ ಇದೇ ಮಾಟುಂಗಾ. ಬಾಳೆಲೆ, ಸಾರು, ಫಿಲ್ಟರ್ ಕಾಫಿ ನಡೆದು ಹೋಗುವಷ್ಟು ದೂರದಲ್ಲಿರುವ ತಾಂತ್ರಿಕ ವಿದ್ಯಾಲಯ ಕರ್ನಾಟಕದ ಹೊರಗೆ ಇನ್ನೊಂದು ಇದ್ದೀತೇ? ಹಾಸ್ಟೆಲಿನ ಹುಡುಗರು ಎಲ್ಲಿಂದ ಬಂದವರಾದರೂ ನಾಲ್ಕು ವರ್ಷದಲ್ಲಿ ದೋಸೆಯ ರುಚಿ ವಿಚಾರದಲ್ಲಿ ಪರಿಣತರಾಗುತ್ತಿದ್ದರು.

ಇನ್ನು ಕೆಮಿಕಲ್ ಎಂಜಿನಿಯರಿಂಗಿನ ಕಡೆಗೆ ಬರೋಣ. ರಸಾಯನಶಾಸ್ತ್ರಜ್ಞ ಬೀಕರಿನಲ್ಲಿ ಮಾಡಿದ್ದನ್ನು ಕಾರ್ಖಾನೆಯವ ದೊಡ್ಡ ಪಾತ್ರೆಯಲ್ಲಿ ಮಾಡಿದರೆ ಆಯಿತಲ್ಲ, ಅದಕ್ಕೊಂದು ಬೇರೆ ಶಾಸ್ತ್ರವೇ ಎಂಬುದು ನ್ಯಾಯವಾದ ಅನುಮಾನ. ಹತ್ತು ಜನಕ್ಕೆ ಪಾಯಸ ಮಾಡುವ ಗೃಹಿಣಿ ಮತ್ತು ಸಾವಿರ ಜನಕ್ಕೆ ಮಾಡುವ ಅಡುಗೆ ಭಟ್ಟರನ್ನು ನೋಡಿದವರಿಗೆ ಉತ್ತರ ಅರ್ಧ ಗೊತ್ತು. ಪಾತ್ರೆಯ ಅಳತೆಯನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿದರೆ ಒಳಗೆ ಹಿಡಿಯುವ ಪದಾರ್ಥ ಸಾವಿರ ಪಟ್ಟಾಗುತ್ತದೆ, ಶಾಖ ಹೊರಹೋಗುವ ಮೈ ಮಾತ್ರ ನೂರು ಪಟ್ಟು. ಬೀಕರಿನಲ್ಲಿ ಬೆಚ್ಚಗಾಗಿ ಸುಮ್ಮನಾಗುವ ಕ್ರಿಯೆ ದೊಡ್ಡ ರಿಯಾಕ್ಟರಿನಲ್ಲಿ ಕುದಿದು ಸಿಡಿಯಬಹುದು. ಕಲಕುವುದು, ಸೋಸುವುದು, ಒಣಗಿಸುವುದು, ಬಟ್ಟಿ ಇಳಿಸುವುದು ಎಲ್ಲಕ್ಕೂ ಇದೇ ತಕರಾರು. ಸಕ್ಕರೆಯಾಗಲಿ ಸಾಬೂನಾಗಲಿ, ಎಲ್ಲ ಕಾರ್ಖಾನೆಗಳೂ ಇಂಥ ಕೆಲವೇ ಮೂಲಕ್ರಿಯೆಗಳ ಜೋಡಣೆ ಎಂಬ ವಿಚಾರವನ್ನು ಅಮೆರಿಕದ ಆರ್ಥರ್ ಲಿಟಲ್ 1915ರಲ್ಲಿ ‘ಯೂನಿಟ್ ಆಪರೇಷನ್’ ಎಂದು ಕರೆದ. ಅದನ್ನು ಪಾಠವಾಗಿಸಿದ ವಾಕರ್, ಲೂಯಿಸ್, ಮೆಕ್ಆಡಮ್ಸ್ ಅವರ ಪಠ್ಯಪುಸ್ತಕ ಬಂದದ್ದು 1923ರಲ್ಲಿ. ಮಾಟುಂಗಾದ ವಿಭಾಗ ಹುಟ್ಟುವ ಹೊತ್ತಿಗೆ ಆ ಪುಸ್ತಕಕ್ಕೆ ಬರೀ ಹತ್ತು ವರ್ಷ.

ಈ ಹೊಸ ಶಾಸ್ತ್ರದಲ್ಲಿ ಮಾಟುಂಗಾ ತನ್ನದೇ ಗುರುತು ಮಾಡಿದ್ದು ಮನ್ ಮೋಹನ್ ಶರ್ಮಾ ಅವರ ಕಾಲದಲ್ಲಿ. 1937ರಲ್ಲಿ ಜೋಧಪುರದಲ್ಲಿ ಹುಟ್ಟಿದ ಶರ್ಮಾ 1958ರಲ್ಲಿ ಇಲ್ಲೇ ಪದವಿ ಪಡೆದು, ಇಲ್ಲೇ ಎಂ.ಎಸ್ಸಿ. ಟೆಕ್ ಮಾಡಿ, ಪಿಎಚ್.ಡಿ.ಗೆ ಕೇಂಬ್ರಿಜ್ ಸೇರಿದರು. ಅಲ್ಲಿ ಸಿಕ್ಕ ಗುರು ಪೀಟರ್ ಡ್ಯಾಂಕ್‌ವರ್ಟ್ಸ್. ಈ ಪ್ರಾಧ್ಯಾಪಕ 1940ರಲ್ಲಿ ಲಂಡನ್ ಬಂದರಿನಲ್ಲಿ ಜರ್ಮನ್ನರು ಪ್ಯಾರಾಶೂಟಿನಲ್ಲಿ ಇಳಿಬಿಟ್ಟ ಸಿಡಿಗುಂಡುಗಳನ್ನು ಬಿಚ್ಚಿ ನಿಷ್ಕ್ರಿಯಗೊಳಿಸಿ ಜಾರ್ಜ್ ಕ್ರಾಸ್ ಪದಕ ಪಡೆದಿದ್ದವರು. ಯುದ್ಧ ಮುಗಿದ ಮೇಲೆ ಅವರು ಕೈಗೆತ್ತಿಕೊಂಡ ಸಮಸ್ಯೆ ಮೇಲ್ನೋಟಕ್ಕೆ ತೀರಾ ಸಾಧುವಾದದ್ದು: ಅನಿಲವೊಂದು ದ್ರವದಲ್ಲಿ ಹೇಗೆ ಕರಗುತ್ತದೆ?

ಸೋಡಾ ಬಾಟಲಿಯಿಂದ ಹಿಡಿದು ರಸಗೊಬ್ಬರ ಕಾರ್ಖಾನೆಯ ಗೋಪುರದವರೆಗೆ ಎಲ್ಲ ಕಡೆಯೂ ಈ ಪ್ರಶ್ನೆ ಇದೆ. ಅಮೋನಿಯ ತಯಾರಿಸುವಾಗ ಜಲಜನಕದ ಜೊತೆ ಬರುವ ಇಂಗಾಲದ ಡೈ ಆಕ್ಸೈಡನ್ನು ಕ್ಷಾರದ್ರವದಲ್ಲಿ ತೊಳೆದು ತೆಗೆಯಬೇಕು. ಎಷ್ಟು ಎತ್ತರದ ಗೋಪುರ ಕಟ್ಟಬೇಕು? ಅನಿಲ ದ್ರವಕ್ಕೆ ಇಳಿಯುವುದು ಅವೆರಡೂ ತಾಗುವ ಮೈಯಲ್ಲಿ. ಹಳೆಯ ಸಿದ್ಧಾಂತದಲ್ಲಿ ಆ ಮೈ ಮೇಲೆ ಅಲುಗದ ತೆಳುಪೊರೆಯೊಂದು ಕೂತಿರುತ್ತಿತ್ತು. ಹಾಗಲ್ಲ, ದ್ರವದ ಪುಟ್ಟ ಪುಟ್ಟ ತುಣುಕುಗಳು ಒಳಗಿನಿಂದ ಮೇಲೆ ಬಂದು, ಒಂದು ಕ್ಷಣ ಅನಿಲ ಹೀರಿ, ಮತ್ತೆ ಒಳಗೆ ಹೋಗುತ್ತವೆ, ಮೈ ಸದಾ ಹೊಸದಾಗುತ್ತಿರುತ್ತದೆ ಎಂದು ಡ್ಯಾಂಕ್‌ವರ್ಟ್ಸ್ 1951ರಲ್ಲಿ ವಾದಿಸಿದ್ದರು. ಶರ್ಮಾ ಕೈ ಹಚ್ಚಿದ್ದು ಇದರ ಮುಂದಿನ ಲೆಕ್ಕಕ್ಕೆ. ಗುರು ಶಿಷ್ಯರು ಸೇರಿ 1966ರಲ್ಲಿ ಪ್ರಕಟಿಸಿದ, ಕ್ಷಾರ ಮತ್ತು ಅಮೀನು ದ್ರಾವಣಗಳು ಇಂಗಾಲದ ಡೈ ಆಕ್ಸೈಡನ್ನು ಹೀರುವ ಬಗೆಗಿನ ಲೇಖನ ಇಂದು ಹೊಗೆಯಿಂದ ಇಂಗಾಲ ಹಿಡಿಯಲು ಹೊರಟವರಿಗೂ ಓದಬೇಕಾದ್ದೇ.

ಅಷ್ಟರಲ್ಲಿ ಶರ್ಮಾ ವಾಪಸು ಬಂದಾಗಿತ್ತು. 1964ರಲ್ಲಿ ಮಾಟುಂಗಾದಲ್ಲಿ ಪ್ರಾಧ್ಯಾಪಕರಾದಾಗ ಅವರ ವಯಸ್ಸು 27. ಕೇಂಬ್ರಿಜ್‌ನ ಸಲಕರಣೆಗಳು ಇಲ್ಲಿರಲಿಲ್ಲ; ವಿದೇಶಿ ವಿನಿಮಯದ ಬರಗಾಲದ ಆ ದಿನಗಳಲ್ಲಿ ತರಿಸುವ ಮಾತೂ ದೂರ. ಇದ್ದದ್ದು ಗಾಜಿನ ಕೊಳವೆ, ಕಲಕುವ ಮೋಟರು, ಟೈಟ್ರೇಶನ್ನಿನ ಬ್ಯೂರೆಟ್ಟು. ಅದೃಷ್ಟಕ್ಕೆ ಅವರು ಹಿಡಿದಿದ್ದ ವಿದ್ಯೆ ಇಷ್ಟನ್ನೇ ಬೇಡುವಂಥದ್ದು.

ಆ ವಿದ್ಯೆಯ ಚಮತ್ಕಾರ ನೋಡಿ. ದ್ರವ ತುಂಬಿದ ಕಂಬದೊಳಗೆ ಕೆಳಗಿನಿಂದ ಗಾಳಿ ಬಿಟ್ಟರೆ ಸಾವಿರಾರು ಗುಳ್ಳೆಗಳು ಏಳುತ್ತವೆ, ಒಡೆಯುತ್ತವೆ, ಕೂಡಿಕೊಳ್ಳುತ್ತವೆ. ಅವೆಲ್ಲದರ ಮೈಯನ್ನು ಬಿಚ್ಚಿ ಹಾಸಿದರೆ ಒಟ್ಟು ಎಷ್ಟು ಚದರ ಮೀಟರ್? ಕಡೆದ ಮಜ್ಜಿಗೆಯ ನೊರೆಯಲ್ಲಿ ಎಷ್ಟು ಗುಳ್ಳೆ ಎಂದು ಕೇಳಿದ ಹಾಗೆ. ಫೋಟೋ ತೆಗೆದರೆ ಗಾಜಿನ ಹತ್ತಿರದ ಗುಳ್ಳೆಗಳಷ್ಟೇ ಸಿಗುತ್ತವೆ. ಶರ್ಮಾ ಮತ್ತು ಡ್ಯಾಂಕ್‌ವರ್ಟ್ಸ್ ಬೆಳೆಸಿದ ದಾರಿಯಲ್ಲಿ ಗುಳ್ಳೆಗಳನ್ನು ನೋಡುವ ಅಗತ್ಯವೇ ಇಲ್ಲ. ಸಾಕಷ್ಟು ವೇಗದ ರಾಸಾಯನಿಕ ಕ್ರಿಯೆಯೊಂದನ್ನು ಆರಿಸಿಕೊಂಡರೆ, ಒಂದು ಚದರ ಸೆಂಟಿಮೀಟರ್ ಮೈಗೆ ಎಷ್ಟು ಅನಿಲ ಇಳಿಯುತ್ತದೆ ಎಂಬುದು ದ್ರವವನ್ನು ಹೇಗೆ ಕಲಕಿದಿರಿ ಎಂಬುದರ ಮೇಲೆ ನಿಲ್ಲುವುದಿಲ್ಲ; ಕ್ರಿಯೆಯ ವೇಗ, ಅನಿಲದ ಕರಗುವಿಕೆ, ಅದು ಹರಡುವ ವೇಗ ಇವುಗಳಿಂದಲೇ ತೀರ್ಮಾನವಾಗುತ್ತದೆ. ಅದನ್ನು ಮೊದಲೇ ಚಿಕ್ಕ ಪಾತ್ರೆಯಲ್ಲಿ ಅಳೆದಿಟ್ಟುಕೊಳ್ಳಿ. ಆಮೇಲೆ ದೊಡ್ಡ ಕಂಬದಲ್ಲಿ ಒಟ್ಟು ಎಷ್ಟು ಅನಿಲ ಹೀರಿಕೆಯಾಯಿತು ಎಂದು ಟೈಟ್ರೇಶನ್ ಮಾಡಿ ಭಾಗಿಸಿ. ಬಂದ ಉತ್ತರವೇ ಗುಳ್ಳೆಗಳ ಒಟ್ಟು ಮೈ. ಕಣ್ಣಿಗೆ ಸಿಗದ ಕ್ಷೇತ್ರಫಲವನ್ನು ಬ್ಯೂರೆಟ್ಟಿನಿಂದ ಅಳೆಯುವುದು! ಬಡ ಪ್ರಯೋಗಾಲಯಕ್ಕೆ ಇದಕ್ಕಿಂತ ಹೊಂದುವ ವಿದ್ಯೆ ಬೇರೊಂದಿರಲಾರದು. ಮುಂದಿನ ವರ್ಷಗಳಲ್ಲಿ ಮಾಟುಂಗಾದ ವಿದ್ಯಾರ್ಥಿಗಳು ಕಾರ್ಖಾನೆಗಳಲ್ಲಿ ಬಳಸುವ ಬಗೆಬಗೆಯ ಕಂಬಗಳನ್ನು, ಕಲಕುವ ತೊಟ್ಟಿಗಳನ್ನು ಹೀಗೆ ಅಳೆದರು. ಅವರ ಪ್ರಬಂಧಗಳ ಅಂಕಿಗಳನ್ನು ಹೊರದೇಶಗಳ ವಿನ್ಯಾಸಕಾರರೂ ಬಳಸಿದರು.

ಬರೀ ಗುಳ್ಳೆಯಲ್ಲ. ಒಂದೇ ಉಷ್ಣತೆಯ ಆಸುಪಾಸಿನಲ್ಲಿ ಕುದಿಯುವ ಅವಳಿ ಪದಾರ್ಥಗಳನ್ನು ಬೇರ್ಪಡಿಸುವುದು ಬಣ್ಣ, ಔಷಧಿ ಕಾರ್ಖಾನೆಗಳ ಹಳೆಯ ತಲೆನೋವು. ಪ್ಯಾರಾ ಕ್ರೆಸಾಲ್ ಮತ್ತು 2,6-ಝೈಲೆನಾಲ್ ಕುದಿಯುವ ಬಿಂದುಗಳ ಅಂತರ ಸುಮಾರು 1 ಡಿಗ್ರಿ. ಬಟ್ಟಿ ಇಳಿಸಿ ಪ್ರಯೋಜನವಿಲ್ಲ. ಆದರೆ ಎರಡರ ಆಮ್ಲಗುಣದಲ್ಲಿ ಚೂರು ವ್ಯತ್ಯಾಸವಿದೆ. ಇಬ್ಬರಿಗೂ ಸಾಲದಷ್ಟು ಮಾತ್ರ ಕ್ಷಾರ ಬಡಿಸಿದರೆ ಹೆಚ್ಚು ಆಮ್ಲವಾದದ್ದು ಮುನ್ನುಗ್ಗಿ ಅದನ್ನು ಬಾಚಿಕೊಳ್ಳುತ್ತದೆ, ಇನ್ನೊಂದು ಹಸಿದೇ ಉಳಿಯುತ್ತದೆ. ಮದುವೆ ಮನೆಯ ಕೊನೆ ಪಂಕ್ತಿ ನೋಡಿದವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಇಂಥ ಬೇರ್ಪಡಿಕೆಗಳ ಮೇಲೆ ಶರ್ಮಾ ಮತ್ತು ಅವರ ಶಿಷ್ಯರು ದಶಕಗಟ್ಟಲೆ ದುಡಿದರು.

ಬೆಂಗಳೂರಿನಲ್ಲಿ ಹುಟ್ಟಿದ, ಆಗ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಎಲ್.ಕೆ. ದೊರೆಸ್ವಾಮಿ ಅವರ ಜೊತೆ ಶರ್ಮಾ ಬರೆದ ‘ಹೆಟರೋಜೀನಿಯಸ್ ರಿಯಾಕ್ಷನ್ಸ್’ 1984ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂತು. 1990ರಲ್ಲಿ ಶರ್ಮಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಭಾರತದಿಂದ ಆ ಗೌರವ ಪಡೆದ ಮೊದಲ ಕೆಮಿಕಲ್ ಎಂಜಿನಿಯರ್. ಅವರ ಬಳಿ ಪಿಎಚ್.ಡಿ. ಮಾಡಿದವರು 70ಕ್ಕೂ ಹೆಚ್ಚು. ಅವರಲ್ಲಿ ಒಬ್ಬರು, ಗೋವಾದ ಮಾಶೆಲಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಡತನದಲ್ಲಿ ಬೆಳೆದ ರಘುನಾಥ ಮಾಶೇಲ್ಕರ್, 1969ರಲ್ಲಿ ಇಲ್ಲಿಂದ ಡಾಕ್ಟರೇಟ್ ಪಡೆದು 1995ರಿಂದ 2006ರವರೆಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಮಹಾನಿರ್ದೇಶಕರಾಗಿದ್ದರು. ಅರಿಶಿನದ ಮೇಲೆ ಅಮೆರಿಕದಲ್ಲಿ ಪಡೆದಿದ್ದ ಪೇಟೆಂಟನ್ನು 1997ರಲ್ಲಿ ರದ್ದು ಮಾಡಿಸಿದ್ದು ಅವರ ಕಾಲದಲ್ಲೇ. ಇನ್ನೊಬ್ಬರು ಜೆ.ಬಿ. ಜೋಶಿ, ಗುಳ್ಳೆ ಕಂಬದೊಳಗೆ ದ್ರವ ಹೇಗೆ ಸುತ್ತುತ್ತದೆ ಎಂಬುದಕ್ಕೆ 1979ರಲ್ಲಿ ಗುರುವಿನ ಜೊತೆ ಒಂದು ಮಾದರಿ ಕೊಟ್ಟು, ಮುಂದೆ ಸಂಸ್ಥೆಯ ನಿರ್ದೇಶಕರಾದರು.

ಹೊರಗಿನವರು ಈ ಸಂಸ್ಥೆಯನ್ನು ಗುರುತಿಸುವುದು ಬೇರೆ ಹೆಸರುಗಳಿಂದ. ಮುಕೇಶ್ ಅಂಬಾನಿ ಇಲ್ಲಿನ ಕೆಮಿಕಲ್ ಎಂಜಿನಿಯರ್. ಡಾ. ರೆಡ್ಡೀಸ್ ಕಟ್ಟಿದ ಅಂಜಿ ರೆಡ್ಡಿ ಇಲ್ಲಿ ಔಷಧಿ ತಂತ್ರಜ್ಞಾನ ಓದಿದವರು. ಘರ್ಡಾ ಕೆಮಿಕಲ್ಸ್‌ನ ಕೇಕಿ ಘರ್ಡಾ ಇಲ್ಲಿ ಕಲಿತು, ಇಲ್ಲಿ ಕಲಿಸಿಯೂ ಇದ್ದವರು. ಸ್ಮರಣ ಸಂಚಿಕೆಗಳಲ್ಲಿ ಇಂಥ ಪಟ್ಟಿ ಉದ್ದವಾಗುವುದು ಸಹಜ, ಆದರೆ ಶ್ರೀಮಂತರ ಪಟ್ಟಿಯಿಂದ ವಿದ್ಯಾಸಂಸ್ಥೆಯ ತೂಕ ಹೇಳುವುದು ಸ್ವಲ್ಪ ಸೋಮಾರಿ ಅಭ್ಯಾಸ. ಇಲ್ಲಿ 1960ರಲ್ಲಿ ಪದವಿ ಮುಗಿಸಿದ ದೊರೈಸ್ವಾಮಿ ರಾಮಕೃಷ್ಣ ಮುಂದೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ‘ಪಾಪ್ಯುಲೇಶನ್ ಬ್ಯಾಲೆನ್ಸ್’ ಎಂಬ ಗಣಿತವನ್ನು ಬೆಳೆಸಿದರು. ಹನಿ, ಹರಳು, ಜೀವಕೋಶಗಳ ಗುಂಪನ್ನು ಜನಗಣತಿಯ ಹಾಗೆ ಎಣಿಸುವ ವಿದ್ಯೆ ಅದು. ಅವರ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂದದ್ದಿಲ್ಲ.

ಓದಿನ ಬಗೆಯನ್ನೂ ಹೇಳಬೇಕು. ಕೊನೆಯ ವರ್ಷದ ವಿದ್ಯಾರ್ಥಿಗೆ ಇಲ್ಲಿ ‘ಹೋಂ ಪೇಪರ್’ ಎಂಬ ಗಂಡಾಂತರವಿದೆ. ಒಂದು ಪದಾರ್ಥದ ಹೆಸರು ಕೊಟ್ಟು, ಇದನ್ನು ತಯಾರಿಸುವ ಕಾರ್ಖಾನೆಯನ್ನು ಕಾಗದದ ಮೇಲೆ ಕಟ್ಟು ಎಂದು ಬಿಟ್ಟುಬಿಡುತ್ತಾರೆ. ಗ್ರಂಥಾಲಯದಲ್ಲಿ ಪೇಟೆಂಟು ಹುಡುಕಬೇಕು, ಯಾವ ದಾರಿ ಅಗ್ಗ ಎಂದು ತೂಗಬೇಕು, ಪಂಪಿನಿಂದ ಪೈಪಿನವರೆಗೆ ಅಳತೆ ಕೊಡಬೇಕು, ಕೊನೆಗೆ ರೂಪಾಯಿ ಲೆಕ್ಕ ಒಪ್ಪಿಸಬೇಕು. ಚಂದಾವರ್ಕರರ ಕಾಲದ ಹಳೆಯ ಪ್ರಶ್ನೆಯೇ ಇಲ್ಲಿ ಪರೀಕ್ಷೆಯ ವೇಷ ಹಾಕಿ ಕೂತಿದೆ. ವಿದ್ಯಾರ್ಥಿಗಳದೇ ಆದ ‘ಬಾಂಬೆ ಟೆಕ್ನಾಲಜಿಸ್ಟ್’ ಪತ್ರಿಕೆ 1950ರ ದಶಕದ ಆರಂಭದಿಂದ ಬರುತ್ತಿದೆ.

ಕಾರ್ಖಾನೆಗೆ ಇಷ್ಟು ಹತ್ತಿರವಿರುವುದಕ್ಕೆ ಬೆಲೆಯೂ ಇದೆ. ಬಣ್ಣ ಮಾಡಲು ಕಲಿತಷ್ಟು ಬೇಗ ಬಣ್ಣದ ನೀರನ್ನು ತಿಳಿಯಾಗಿಸಲು ದೇಶ ಕಲಿಯಲಿಲ್ಲ. ಪಶ್ಚಿಮ ಕರಾವಳಿಯ ಕೈಗಾರಿಕಾ ಪಟ್ಟಿಯ ನದಿಗಳನ್ನು ನೋಡಿದರೆ ಸಾಕು. ಈ ಋಣದ ಅರಿವು ಮಾಟುಂಗಾದ ಇತ್ತೀಚಿನ ಸಂಶೋಧನೆಗಳಲ್ಲಿ ಕಾಣುತ್ತದೆ. ಅನಿರುದ್ಧ ಪಂಡಿತ್ ಅವರ ಗುಂಪು ನೀರಿನೊಳಗೆ ಅತಿಸಣ್ಣ ಗುಳ್ಳೆಗಳನ್ನು ಹುಟ್ಟಿಸಿ ಕುಸಿಯುವಂತೆ ಮಾಡಿ, ಆ ಕುಸಿತದ ಕ್ಷಣಿಕ ಬಿಸಿ ಮತ್ತು ಒತ್ತಡದಿಂದ ಕೊಳೆ ಒಡೆಯುವ ವಿಧಾನದ ಮೇಲೆ ಕೆಲಸ ಮಾಡಿತು. ನೋಡಿದರೆ ಇಲ್ಲೂ ಗುಳ್ಳೆಯೇ! ಜಿ.ಡಿ. ಯಾದವ್ ಅವರದು ಘನ ವೇಗವರ್ಧಕಗಳ ಹಾದಿ: ಕ್ರಿಯೆ ಮುಗಿದ ಮೇಲೆ ಅವನ್ನು ಸೋಸಿ ತೆಗೆದು ಮತ್ತೆ ಬಳಸಬಹುದಾದ್ದರಿಂದ ಆಮ್ಲವನ್ನು ಚರಂಡಿಗೆ ಸುರಿಯುವುದು ತಪ್ಪುತ್ತದೆ. ಹೊಲದಲ್ಲಿ ಉಳಿಯುವ ಹುಲ್ಲು, ಸೋಗೆಗಳಿಂದ ಎಥನಾಲ್ ತೆಗೆಯುವ, ಇಲ್ಲೇ ಬೆಳೆದ ತಂತ್ರಜ್ಞಾನದ ದಿನಕ್ಕೆ 10 ಟನ್ ಸಾಮರ್ಥ್ಯದ ಪ್ರಾತ್ಯಕ್ಷಿಕೆ ಘಟಕ 2016ರಲ್ಲಿ ಉತ್ತರಾಖಂಡದ ಕಾಶಿಪುರದಲ್ಲಿ ಶುರುವಾಯಿತು.

ಹೆಸರು ಈ ನಡುವೆ ಎರಡು ಸಲ ಬದಲಾಯಿತು. 2002ರಲ್ಲಿ ವಿಭಾಗ ಹೋಗಿ ಇನ್‌ಸ್ಟಿಟ್ಯೂಟ್ ಆಯಿತು. 2008ರ ಸೆಪ್ಟೆಂಬರ್ 12ರಂದು ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿ, ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬೇರೆ ಸಂಸಾರ ಹೂಡಿತು. ಯಾದವ್ ಮೊದಲ ಕುಲಪತಿ. ಆಮೇಲೆ ಭುವನೇಶ್ವರದಲ್ಲೂ ಮರಾಠವಾಡದ ಜಾಲ್ನಾದಲ್ಲೂ ಆವರಣಗಳಾದವು. ಹಳೆಯ ವಿದ್ಯಾರ್ಥಿಗಳಿಗೆ ಮಾತ್ರ ಇಂದಿಗೂ ಅದು ಯುಡಿಸಿಟಿ, ಅಂದರೆ ಹಳೆಯ ಯೂನಿವರ್ಸಿಟಿ ಡಿಪಾರ್ಟ್‌ಮೆಂಟ್ ಆಫ್ ಕೆಮಿಕಲ್ ಟೆಕ್ನಾಲಜಿ.

ಇದಕ್ಕೆ ಜನ್ಮ ಕೊಟ್ಟ ಗಿರಣಿಗಳು ಈಗಿಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ಹೊಡೆತದಿಂದ ಅವು ಚೇತರಿಸಿಕೊಳ್ಳಲಿಲ್ಲ. ಒಂದೊಂದಾಗಿ ಬಾಗಿಲು ಹಾಕಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಇದ್ದ ಜಾಗದಲ್ಲಿ ಈಗ ಮಾಲ್ ಇದೆ, ಒಳಗಿನ ಅಂಗಡಿಗಳಲ್ಲಿ ಎಲ್ಲೆಲ್ಲೋ ನೇಯ್ದು ಎಲ್ಲೆಲ್ಲೋ ಬಣ್ಣ ಹಾಕಿದ ಬಟ್ಟೆ. 1933ರಲ್ಲಿ ಆರಂಭವಾದ ಜವಳಿ ರಸಾಯನಶಾಸ್ತ್ರದ ವಿಭಾಗ ಮಾತ್ರ, ನಾರು ಮತ್ತು ಜವಳಿ ಸಂಸ್ಕರಣ ತಂತ್ರಜ್ಞಾನ ಎಂಬ ಹೊಸ ಫಲಕ ತೂಗುಹಾಕಿಕೊಂಡು, ಮಾಟುಂಗಾದಲ್ಲಿ ಈಗಲೂ ತರಗತಿ ನಡೆಸುತ್ತಿದೆ.